ಕೊಲ್ಲುವ ಉದ್ದೇಶವೇ ಇರಲಿಲ್ಲ: ಹಾಗಾದರೆ ಯಾವ ಕಲಂ?

ಮೊದಲ ಸಲ ಓದುವಾಗ ನಾನು ಎಡವಿದ್ದು ಇಲ್ಲೇ. ಸಾವಿಗೆ ಕಾರಣನಾದವನಿಗೆ ಕೊಲ್ಲುವ ಉದ್ದೇಶ ಇಲ್ಲ ಅಂದರೆ ಸೀದಾ 304ಎ (ನಿರ್ಲಕ್ಷ್ಯದಿಂದಾದ ಸಾವಿಗೆ ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿದ್ದ ಕಲಂ) ಅಂದುಕೊಂಡಿದ್ದೆ. ಹಾಗಲ್ಲ. ಉದ್ದೇಶ ಇರಲಿಲ್ಲ ಅಂತಾದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಇದರಿಂದ ಯಾರಾದರೂ ಸಾಯಬಹುದು ಅಂತ ಅವನಿಗೆ ಗೊತ್ತಿತ್ತಾ? ಗೊತ್ತಿದ್ದೂ ಮಾಡಿದ್ದರೆ ಅದು ಸಾಮಾನ್ಯವಾಗಿ ಕೊಲೆಯೆನಿಸದ ದಂಡನೀಯ ನರಹತ್ಯೆ. ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಂ 105. ಅಷ್ಟು ಅರಿವು ಇರಲಿಲ್ಲ, ಆದರೆ ದುಡುಕಿದ ಅಥವಾ ವಹಿಸಬೇಕಾದ ಎಚ್ಚರ ವಹಿಸಲಿಲ್ಲ ಅಂದರೆ ಕಲಂ 106; ಹಳೆಯ 304ಎ ಈಗ ಇದೇ. ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಅಂತ ಬರೆಯುತ್ತಾರಲ್ವಾ, ಅದು ಇದೇ. ಕಾನೂನಿಗೆ ವಿರುದ್ಧವಲ್ಲದ ಕೆಲಸವನ್ನು ಎಚ್ಚರದಿಂದಲೇ ಮಾಡುತ್ತಿದ್ದಾಗ ಸಾವಾದರೆ ಅಪರಾಧವೇ ಇಲ್ಲ. ಅದಕ್ಕೆ ಕಲಂ 18.

ಚೆರುಬಿನ್ ಗ್ರೆಗರಿ ವಿರುದ್ಧ ಬಿಹಾರ ರಾಜ್ಯ ಪ್ರಕರಣವನ್ನು ನಿಧಾನವಾಗಿ ಓದಿ. ಪಕ್ಕದ ಮನೆಯ ಶೌಚಾಲಯದ ಗೋಡೆ ಬಿದ್ದಿತ್ತು. ಆ ಮನೆಯವರು ಗ್ರೆಗರಿಯ ಶೌಚಾಲಯಕ್ಕೆ ಬರತೊಡಗಿದರು. ಬೇಡ ಅಂದರೂ ನಿಲ್ಲಲಿಲ್ಲ. ಆತ ಅಲ್ಲಿಗೆ ಹೊದಿಕೆಯಿಲ್ಲದ ತಾಮ್ರದ ತಂತಿ ಎಳೆದು, ಮನೆಯ ವೈರಿಂಗ್‌ನಿಂದ ಕರೆಂಟ್ ಕೊಟ್ಟ. ಕರೆಂಟ್ ಇದೆ ಅನ್ನೋ ಎಚ್ಚರಿಕೆ ಎಲ್ಲೂ ಇರಲಿಲ್ಲ. ಒಬ್ಬ ಹೆಂಗಸು ಅದನ್ನು ಮುಟ್ಟಿ ಸತ್ತಳು. ‘ಆಕೆ ಅತಿಕ್ರಮಣ ಮಾಡಿದ್ದಳು’ ಅನ್ನೋ ವಾದವನ್ನು ಸುಪ್ರೀಂ ಕೋರ್ಟ್ 1963ರಲ್ಲಿ ಒಪ್ಪಲಿಲ್ಲ. 304ಎ ಶಿಕ್ಷೆ ಉಳಿಯಿತು. ನನ್ನ ಜಾಗ, ನನ್ನ ಇಷ್ಟ ಅಂತ ಜೀವ ತೆಗೆಯುವ ಬಲೆ ಹಾಕುವಂತಿಲ್ಲ. ಹಂದಿ ಕಾಟಕ್ಕೆ ಬೇಲಿಗೆ ನೇರ ಕರೆಂಟ್ ಹಾಯಿಸಿ ಜನ ಸತ್ತ ಸುದ್ದಿ ನಮ್ಮ ಕಡೆಯೂ ಬರುತ್ತಲೇ ಇರುತ್ತದೆ. ಓದಿದಾಗಲೆಲ್ಲ ಈ ತೀರ್ಪೇ ನೆನಪಾಗುತ್ತದೆ.

ಶಿಕ್ಷೆ ಬದಲಾಗಿದೆ, ಗಮನಿಸಿ. 304ಎಯಲ್ಲಿ ಎರಡು ವರ್ಷದವರೆಗೆ ಜೈಲು, ಅಥವಾ ಬರೀ ದಂಡ, ಅಥವಾ ಎರಡೂ. 106(1)ರಲ್ಲಿ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಚಿಕಿತ್ಸೆಯ ವೇಳೆ ತಪ್ಪಾದರೆ ನೋಂದಾಯಿತ ವೈದ್ಯರಿಗೆ ಮಾತ್ರ ಎರಡು ವರ್ಷದ ಮಿತಿ.

ಪರೀಕ್ಷೆಯಲ್ಲಿ ಜಾಸ್ತಿ ಜನ ಬಿಡುವ ಅಂಶ ಇನ್ನೊಂದಿದೆ. ನಿರ್ಲಕ್ಷ್ಯ ಇತ್ತು ಅಂದರೆ ಸಾಲದು, ಸಾವಿಗೆ ಅದೇ ನೇರ ಕಾರಣವಾಗಿರಬೇಕು. ಕುರ್ಬಾನ್ ಹುಸೇನ್ ಪ್ರಕರಣದಲ್ಲಿ ಪೇಂಟ್ ಕಾರ್ಖಾನೆಗೆ ಬೆಂಕಿ ಬಿದ್ದು ಏಳು ಕೆಲಸಗಾರರು ಸತ್ತರು. ಲೈಸೆನ್ಸ್ ಷರತ್ತು ಮೀರಿ ಒಳಗೆ ಬರ್ನರ್ ಉರಿಸಲು ಬಿಟ್ಟಿದ್ದು ಕಾರ್ಖಾನೆ ನಡೆಸುತ್ತಿದ್ದವರ ತಪ್ಪೇ. ಆದರೆ ಬೆಂಕಿ ಹತ್ತಿದ್ದು, ಕುದಿಯುತ್ತಿದ್ದ ಮಿಶ್ರಣ ಆರುವ ಮೊದಲೇ ಕೆಲಸಗಾರನೊಬ್ಬ ಟರ್ಪೆಂಟೈನ್ ಸುರಿದಿದ್ದರಿಂದ. ಹಾಗಾಗಿ 304ಎ ನಿಲ್ಲಲಿಲ್ಲ. ಬೆಂಕಿಯ ವಿಷಯದಲ್ಲಿ ತೋರಿದ ನಿರ್ಲಕ್ಷ್ಯಕ್ಕೆ, ಅಂದರೆ ಹಳೆಯ 285ನೇ ಕಲಂಗೆ ಮಾತ್ರ ಶಿಕ್ಷೆ ಉಳಿಯಿತು.