ಫೇವರಿಟ್: ಅರಸನ ಕಣ್ಮಣಿ, ಸರದಾರರ ಕಣ್ಣುರಿ

ನಮಗೆ ಇಂದು ಫೇವರಿಟ್ ಎಂದರೆ ಇಷ್ಟದ ತಿಂಡಿ, ಮೆಚ್ಚಿನ ಆಟಗಾರ. ಇಂಗ್ಲೆಂಡಿನ ಅರಸರ ಇತಿಹಾಸದಲ್ಲಿ ಇದೇ ಪದ ಬಹುಮಟ್ಟಿಗೆ ಒಂದು ಆಪಾದನೆ. ಅರಸನ ಒಲವೆಲ್ಲ ಒಬ್ಬನ ಮೇಲೆ ಸುರಿದು, ಅವನನ್ನು ದಾಟದೆ ಅರಸನ ಬಳಿಗೆ ಯಾರೂ ಹೋಗಲಾಗದ ಸ್ಥಿತಿ ಬಂದಾಗ ಆ ಒಬ್ಬನನ್ನು ಫೇವರಿಟ್ ಎನ್ನುತ್ತಾರೆ. ಕನ್ನಡದ ‘ಕೃಪಾಪಾತ್ರ’ ಇದಕ್ಕೆ ಹತ್ತಿರದ ಮಾತು. ಆದರೆ ಅದರಲ್ಲಿ ಪಡೆದವನ ಪುಣ್ಯ ಕಾಣುತ್ತದೆ, ಫೇವರಿಟ್‌ನಲ್ಲಿ ಪಡೆಯದವರ ಸಿಟ್ಟು ಕೇಳಿಸುತ್ತದೆ.

ಆ ಸಿಟ್ಟನ್ನು ಬರೀ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ತಪ್ಪು. ಮಧ್ಯಯುಗದ ಇಂಗ್ಲೆಂಡಿನ ಅರಸನಿಗೆ ಕಾಯಂ ಸೇನೆ ಇರಲಿಲ್ಲ. ಯುದ್ಧ ಬಂದಾಗ ಆಳುಗಳನ್ನು ಕಟ್ಟಿಕೊಂಡು ಬರುತ್ತಿದ್ದವರು ಅರ್ಲ್‌ಗಳು, ಬ್ಯಾರನ್‌ಗಳು ಎಂಬ ಭೂಮಾಲೀಕ ಸರದಾರರು. ಅದಕ್ಕೆ ಪ್ರತಿಯಾಗಿ ಅವರು ಬಯಸುತ್ತಿದ್ದದ್ದು ಭೂಮಿ, ಕೋಟೆಗಳ ಉಸ್ತುವಾರಿ, ತಂದೆ ಸತ್ತ ಎಳೆಯ ವಾರಸುದಾರರ ಪಾಲಕತ್ವ. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಮಾತಿಗೆ ಅರಸ ಕಿವಿಗೊಡಬೇಕು ಎಂಬುದು. ಹತ್ತು ಮನೆಗೆ ಹಂಚಬೇಕಾದದ್ದು ಒಂದೇ ಮನೆ ಸೇರಿದರೆ ರಾಜ್ಯದ ಕೀಲೇ ಸಡಿಲವಾಗುತ್ತಿತ್ತು.

ಎರಡನೇ ಎಡ್ವರ್ಡ್ ಮಾಡಿದ್ದು ಇದನ್ನೇ. 1307ರಲ್ಲಿ ಪಟ್ಟಕ್ಕೆ ಬಂದವನೇ, ತಂದೆ ಗಡೀಪಾರು ಮಾಡಿದ್ದ, ಫ್ರಾನ್ಸಿನ ನೈಋತ್ಯದ ಗ್ಯಾಸ್ಕನಿಯ ಪಿಯರ್ಸ್ ಗ್ಯಾವೆಸ್ಟನ್‌ನನ್ನು ವಾಪಸ್ ಕರೆಸಿಕೊಂಡ. ಅರ್ಲ್‌ಗಿಂತ ಬಹಳ ಕೆಳಗಿನ ದರ್ಜೆಯ ಒಬ್ಬ ನೈಟ್‌ನ ಮಗನಾದ ಅವನಿಗೆ ಕಾರ್ನ್‌ವಾಲ್‌ನ ಅರ್ಲ್ ಪದವಿ ಕೊಟ್ಟ, ತನ್ನ ಅಕ್ಕನ ಮಗಳನ್ನು ಮದುವೆ ಮಾಡಿಕೊಟ್ಟ. ಫ್ರೆಂಚ್ ರಾಜಕುಮಾರಿ ಇಸಬೆಲ್ಲಾಳನ್ನು ವರಿಸಲು ಫ್ರಾನ್ಸಿಗೆ ಹೋದಾಗ ರಾಜ್ಯವನ್ನೂ ಅವನ ಕೈಗೇ ಒಪ್ಪಿಸಿದ. 1308ರ ಫೆಬ್ರುವರಿಯ ಪಟ್ಟಾಭಿಷೇಕದಲ್ಲಿ ಅರಸನ ಕಿರೀಟವನ್ನು ಕೈಯಲ್ಲಿ ಹಿಡಿದು ನಡೆದವನೂ ಗ್ಯಾವೆಸ್ಟನ್. ಸಾಲದ್ದಕ್ಕೆ ಅವನು ಹಳೆಯ ಮನೆತನದ ಅರ್ಲ್‌ಗಳಿಗೆ ಅಡ್ಡಹೆಸರಿಟ್ಟು ಕರೆಯುತ್ತಿದ್ದ. ವಾರಿಕ್‌ನ ಅರ್ಲ್‌ಗೆ ಅವನಿಟ್ಟ ಹೆಸರು ‘ಆರ್ಡನ್‌ನ ಕರಿನಾಯಿ’. 1312ರ ಜೂನ್‌ನಲ್ಲಿ ಆ ವಾರಿಕ್‌ನೇ ಅವನನ್ನು ಹಿಡಿದು ತಂದ. ಬ್ಲ್ಯಾಕ್‌ಲೋ ಬೆಟ್ಟದ ಮೇಲೆ ಗ್ಯಾವೆಸ್ಟನ್‌ನ ತಲೆ ಉರುಳಿತು.

ಈ ಕೊಲೆಗಿಂತ ನನಗೆ ದೊಡ್ಡದಾಗಿ ಕಾಣುವುದು 1308ರಲ್ಲೇ ಸರದಾರರು ಮುಂದಿಟ್ಟ ಒಂದು ವಾದ: ನಮ್ಮ ನಿಷ್ಠೆಯ ಪ್ರಮಾಣ ಕಿರೀಟಕ್ಕೆ ಸಲ್ಲುತ್ತದೆ, ಅದನ್ನು ಧರಿಸಿದ ವ್ಯಕ್ತಿಗಲ್ಲ. ಒಬ್ಬ ನೆಚ್ಚಿನ ಬಂಟನ ಮೇಲಿನ ಕೋಪದಿಂದ ಹುಟ್ಟಿದ ಮಾತು ರಾಜತ್ವವನ್ನೇ ಎರಡು ಹೋಳು ಮಾಡಿತ್ತು.

ಇನ್ನು ಪ್ರಜೆಗಳು. ಎಡ್ವರ್ಡ್‌ಗೆ ಹಳ್ಳ ತೋಡುವುದು, ಸೂರಿಗೆ ಹುಲ್ಲು ಹೊದಿಸುವುದು, ದೋಣಿಗೆ ಹುಟ್ಟು ಹಾಕುವುದು ಪ್ರಿಯವಾಗಿತ್ತು. ದುಡಿಯುವವರ ಜೊತೆ ಇಷ್ಟು ಬೆರೆತ ಅರಸ ಜನಪ್ರಿಯನಾಗಬೇಕಿತ್ತಲ್ಲವೇ? ಆಗಲಿಲ್ಲ. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಸೋತ ಮೇಲೆ ಸ್ಕಾಟರ ದಾಳಿಗೆ ಉತ್ತರದ ಹಳ್ಳಿಗಳು ಉರಿದವು, ಮರುವರ್ಷ ಮಹಾಕ್ಷಾಮ ಬಂತು. ಜನ ಅರಸನಿಂದ ಬಯಸಿದ್ದು ರಕ್ಷಣೆಯನ್ನು, ನ್ಯಾಯವನ್ನು, ಹಗುರವಾದ ತೆರಿಗೆಯನ್ನು, ಸಲಿಗೆಯನ್ನಲ್ಲ. ಅರಸನಿಗೆ ಎದುರು ನಿಂತ ಲ್ಯಾಂಕಾಸ್ಟರ್‌ನ ಥಾಮಸ್‌ನ ತಲೆ 1322ರಲ್ಲಿ ಬಿದ್ದಾಗ, ಪಾಂಟೆಫ್ರಾಕ್ಟ್‌ನಲ್ಲಿದ್ದ ಅವನ ಸಮಾಧಿಗೆ ಜನ ಹರಕೆ ಹೊತ್ತು ಬಂದರು. ಬಡವರಿಗಾಗಿ ಥಾಮಸ್ ಹೇಳಿಕೊಳ್ಳುವಂಥದ್ದೇನನ್ನೂ ಮಾಡಿದ್ದನೆಂದು ನನಗೆ ತೋರುವುದಿಲ್ಲ. ಆ ಭಕ್ತಿ ಅರಸನ ಮೇಲಿನ ಬೇಸರದ ಅಳತೆ. ಮುಂದೆ ಹ್ಯೂ ಡೆಸ್ಪೆನ್ಸರ್ ಎಂಬ ಇನ್ನೊಬ್ಬ ಫೇವರಿಟ್‌ನ ಆಸೆಬುರುಕತನ ಸೇರಿ, 1327ರಲ್ಲಿ ಎಡ್ವರ್ಡ್ ಪಟ್ಟ ಕಳೆದುಕೊಂಡ.

ಹಾಗೆಂದು ಜನ ಎಲ್ಲ ಅರಸರನ್ನೂ ಇಷ್ಟು ಬೇಗ ಕೈಬಿಡುತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಯನ್ನು ನೆನೆಯಿರಿ. ಎರಡನೇ ರಿಚರ್ಡ್ ಆಳುತ್ತಿದ್ದಾಗ ಎದ್ದ 1381ರ ರೈತ ದಂಗೆಯ ಒಳಗಿದ್ದದ್ದು ಅದೇ ನಂಬಿಕೆ. ತಲೆಗಂದಾಯದಿಂದ ರೊಚ್ಚಿಗೆದ್ದು ಲಂಡನ್ನಿಗೆ ನುಗ್ಗಿದವರ ಘೋಷವೇ ‘ರಾಜ ರಿಚರ್ಡ್ ಮತ್ತು ನಿಷ್ಠಾವಂತ ಪ್ರಜೆಗಳು’ ಎಂದಾಗಿತ್ತು. ಅವರು ಆರ್ಚ್‌ಬಿಷಪ್ ಸಡ್‌ಬರಿಯನ್ನೂ ಖಜಾಂಚಿ ಹೇಲ್ಸ್‌ನನ್ನೂ ಕೊಂದರು, ಹದಿನಾಲ್ಕರ ಹರೆಯದ ಅರಸನನ್ನು ಮುಟ್ಟಲಿಲ್ಲ. ಅವರ ನಾಯಕ ವಾಟ್ ಟೈಲರ್ ಕಣ್ಣೆದುರೇ ಬಿದ್ದಾಗಲೂ, ಕುದುರೆಯೇರಿ ಮುಂದೆ ಬಂದ ಆ ಹುಡುಗನ ಮಾತು ಕೇಳಿ ಹಿಂದೆ ನಡೆದರು. ಅವನು ಕೊಟ್ಟ ಭರವಸೆಗಳನ್ನೆಲ್ಲ ಆಮೇಲೆ ರದ್ದುಮಾಡಲಾಯಿತು. ಓದುವಾಗ ಈಗಲೂ ಕರುಳು ಚುರುಕ್ಕೆನ್ನುತ್ತದೆ.

ಹೀಗೆ ಫೇವರಿಟ್ ಮತ್ತು ‘ಕೆಟ್ಟ ಸಲಹೆಗಾರ’ ಅರಸನಿಗೆ ಗುರಾಣಿಯೂ ಆಗಿದ್ದರು; ಬರುವ ಏಟು ಮೊದಲು ಅವರಿಗೇ ಬೀಳುತ್ತಿತ್ತು. ಒಂದನೇ ಚಾರ್ಲ್ಸ್‌ನ ಆಪ್ತ ಬಕಿಂಗ್‌ಹ್ಯಾಮ್‌ನ ಡ್ಯೂಕ್ 1628ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಇರಿತಕ್ಕೆ ಬಲಿಯಾದಾಗ ಜನ ಕೊಲೆಗಾರನನ್ನು ಕೊಂಡಾಡಿದರು. 1641ರಲ್ಲಿ ಚಾರ್ಲ್ಸ್‌ನ ಮುಖ್ಯ ಸಲಹೆಗಾರ ಸ್ಟ್ರಾಫರ್ಡ್‌ನ ತಲೆ ಹೋಯಿತು. 1642ರಲ್ಲಿ ಅರಸನ ವಿರುದ್ಧವೇ ಸೇನೆ ಕಟ್ಟಿದ ಪಾರ್ಲಿಮೆಂಟ್ ಆಗಲೂ ಹೇಳಿಕೊಂಡದ್ದು, ಅರಸನನ್ನು ಕೆಟ್ಟ ಸಲಹೆಗಾರರಿಂದ ಬಿಡಿಸುತ್ತೇವೆ ಎಂದೇ. 1649ರ ಜನವರಿಯಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಓದಿದ ಆರೋಪಪಟ್ಟಿಯಲ್ಲಿ ಯಾವ ಸಲಹೆಗಾರನ ಹೆಸರೂ ಮುಂದಿರಲಿಲ್ಲ. ಆರೋಪಿ ಚಾರ್ಲ್ಸ್ ಸ್ಟುವರ್ಟ್.