ಮಹಾವೃತ್ತ ದೂರ: ವಿಮಾನದ ದಾರಿ ನಕ್ಷೆಯಲ್ಲಿ ಬಾಗುವುದೇಕೆ?

ಸಿಂಗಪುರದಿಂದ ನ್ಯೂಯಾರ್ಕ್‌ಗೆ ಎಷ್ಟು ದೂರ ಅಂತ ಹುಡುಕಿದರೆ ಸುಮಾರು 15,300 ಕಿ.ಮೀ. ಎಂಬ ಉತ್ತರ ಬರುತ್ತದೆ. ಇದು ಮಹಾವೃತ್ತ ದೂರ. ಭೂಮಿಯನ್ನು ಸರಿಯಾಗಿ ಎರಡು ಸಮಪಾಲು ಮಾಡಿದರೆ ಮೇಲ್ಮೈಯಲ್ಲಿ ಮೂಡುವ ಗೆರೆಯೇ ಮಹಾವೃತ್ತ. ಸಮಭಾಜಕ ವೃತ್ತ ಅಂಥದ್ದೇ ಒಂದು. ಯಾವುದೇ ಎರಡು ಊರುಗಳನ್ನು ಮುಟ್ಟುವಂತೆ ಇಂಥ ಗೆರೆ ಎಳೆಯಬಹುದು, ಅವುಗಳ ನಡುವಿನ ಅತಿ ಹತ್ತಿರದ ದಾರಿಯೂ ಅದರ ಮೇಲೆಯೇ ಇರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ಎಷ್ಟೇ ದೂರದ ನಿಲ್ದಾಣಗಳಾದರೂ ಈ ಲೆಕ್ಕ ಸುಮಾರು 20,000 ಕಿ.ಮೀ.ಗೇ ನಿಲ್ಲುತ್ತದೆ.

ಗೋಡೆಯ ನಕ್ಷೆ ನೋಡಿದವರಿಗೆ ಇಲ್ಲೇ ಗೊಂದಲ. ನ್ಯೂಯಾರ್ಕ್ ಮತ್ತು ಮ್ಯಾಡ್ರಿಡ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಹಾಗಿದ್ದರೆ ಸೀದಾ ಪೂರ್ವಕ್ಕೆ ಹಾರಿದರೆ ಆಯಿತಲ್ವಾ? ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರುಗಳ ನಡುವೆ ಒಂದು ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜರುಗುತ್ತದೆ. ವಿಮಾನ ಸುಮ್ನೆ ಸುತ್ತಿ ಹೋಗುತ್ತಿಲ್ಲ. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸಿದಾಗ ನೇರ ದಾರಿ ಬಾಗಿದಂತೆ ಕಾಣುತ್ತದೆ, ಅಷ್ಟೇ.

ದೂರ ಗೊತ್ತಾಯಿತು, ಗಂಟೆಗೆ ಸುಮಾರು 900 ಕಿ.ಮೀ. ವೇಗದಿಂದ ಭಾಗಿಸಿದರೆ ಸಮಯ ಸಿಗುತ್ತದೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ದೂರ ಬದಲಾಗುವುದಿಲ್ಲ, ಗಾಳಿ ದಿನಾ ಬದಲಾಗುತ್ತದೆ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಬೀಸುತ್ತದೆ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಸುಮಾರು 8 ಗಂಟೆ ಬೇಕಾದರೆ, ವಾಪಸ್ ಬರಲು 7 ಗಂಟೆ ಸಾಕು. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಬಿರುಗಾಳಿಯ ಬೆನ್ನೇರಿ 4 ಗಂಟೆ 56 ನಿಮಿಷದಲ್ಲಿ ಲಂಡನ್ ಮುಟ್ಟಿತು! ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಆದರೂ ಅದು ಶಬ್ದದ ವೇಗ ಮೀರಿರಲಿಲ್ಲ, ಏಕೆಂದರೆ ಸುತ್ತಲಿನ ಗಾಳಿಯೇ ಅದರ ಜೊತೆ ಓಡುತ್ತಿತ್ತು.

ಇದೇ ಕಾರಣಕ್ಕೆ ಸಿಂಗಪುರದಿಂದ ನ್ಯೂಯಾರ್ಕ್‌ಗೆ ಹೊರಟ ವಿಮಾನ ಎಷ್ಟೋ ಸಲ ಧ್ರುವದ ಕಡೆಯ ಹತ್ತಿರದ ದಾರಿ ಬಿಟ್ಟು ಪೆಸಿಫಿಕ್ ಸಾಗರದ ಮೇಲೆ ಹೋಗುತ್ತದೆ. ಕಿಲೋಮೀಟರ್ ಜಾಸ್ತಿ, ಆದರೆ ಗಾಳಿ ಬೆನ್ನಿಗಿರುತ್ತದೆ. ಪ್ರಯಾಣ 18 ಗಂಟೆಗೂ ಹೆಚ್ಚು.

ದೇಶಗಳ ಜಗಳವೂ ದಾರಿ ಬದಲಿಸುತ್ತದೆ. 2022ರಲ್ಲಿ ರಷ್ಯಾದ ವಾಯುಪ್ರದೇಶ ಯುರೋಪಿನ ಹಲವು ವಿಮಾನಗಳಿಗೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ 9 ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತಿದ್ದ ಪ್ರಯಾಣ ಸುಮಾರು 13 ಗಂಟೆಗೆ ಏರಿತು. ಮಹಾವೃತ್ತ ದೂರ ಮಾತ್ರ ಮೊದಲಿನಷ್ಟೇ.

ಟಿಕೆಟ್‌ನಲ್ಲಿರುವ ಸಮಯದ ಬಗ್ಗೆ ಎರಡು ಮಾತು. ಅದು ಬರೀ ಹಾರಾಟದ ಸಮಯವಲ್ಲ. ವಿಮಾನ ಗೇಟ್ ಬಿಟ್ಟಾಗಿನಿಂದ ಇನ್ನೊಂದು ಗೇಟ್ ಸೇರುವವರೆಗಿನ ಬ್ಲಾಕ್ ಟೈಮ್, ರನ್‌ವೇಗಾಗಿ ಕಾಯುವುದೂ ಅದರಲ್ಲೇ ಸೇರಿರುತ್ತದೆ. ಜೊತೆಗೆ ಹೊರಡುವ ಹೊತ್ತು, ತಲುಪುವ ಹೊತ್ತು ಎರಡೂ ಆಯಾ ಊರಿನ ಗಡಿಯಾರದವು. ಟೋಕಿಯೋದಿಂದ ಸಂಜೆ ಹೊರಟವರು ಅದೇ ತಾರೀಖಿನ ಬೆಳಿಗ್ಗೆ ಲಾಸ್ ಏಂಜಲೀಸ್‌ನಲ್ಲಿ ಇಳಿಯಬಹುದು. ಒಂದರಲ್ಲಿ ಇನ್ನೊಂದನ್ನು ಕಳೆದು ಪ್ರಯಾಣದ ಅವಧಿ ಲೆಕ್ಕ ಹಾಕಬೇಡಿ, ಅವಧಿ ಎಂದು ಬೇರೆಯಾಗಿ ಬರೆದಿರುವುದನ್ನೇ ನೋಡಿ.