ದೇಶ ಕೇಳಿದರೆ 'ಎಯು' ಅನ್ನುತ್ತದೆ: ಓಪನ್‌ಎಸ್‌ಎಸ್‌ಎಲ್ ನಡೆದು ಬಂದ ದಾರಿ

ಸರ್ವರ್‌ಗೆ ಸರ್ಟಿಫಿಕೇಟ್ (ಅದರ ಗುರುತುಚೀಟಿ) ಬೇಕು ಅಂತ ಟರ್ಮಿನಲ್ ತೆರೆದು ಓಪನ್‌ಎಸ್‌ಎಸ್‌ಎಲ್‌ನ 'ರೆಕ್' ಕಮಾಂಡ್ ಓಡಿಸಿದವರಿಗೆಲ್ಲ ಇದು ಗೊತ್ತಿರುತ್ತದೆ. ಓಪನ್‌ಎಸ್‌ಎಸ್‌ಎಲ್ ಅಂದರೆ ಇಂಟರ್ನೆಟ್ ಮಾತುಕತೆಯನ್ನು ಗೂಢಲಿಪಿಯಲ್ಲಿ ಮುಚ್ಚಿಡುವ ಸಾಫ್ಟ್‌ವೇರ್, 'ರೆಕ್' ಸರ್ಟಿಫಿಕೇಟ್‌ಗೆ ಅರ್ಜಿ ತಯಾರಿಸುವ ಅದರ ಕಮಾಂಡ್. ಅದು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ದೇಶ? ಪಕ್ಕದಲ್ಲಿ 'ಎಯು' ಅಂತ ಮೊದಲೇ ಬರೆದಿರುತ್ತದೆ. ರಾಜ್ಯ? 'ಸಮ್-ಸ್ಟೇಟ್'. ಸಂಸ್ಥೆ? 'ಇಂಟರ್ನೆಟ್ ವಿಜಿಟ್ಸ್ ಪಿಟಿವೈ ಲಿಮಿಟೆಡ್'. ವೈಟ್‌ಫೀಲ್ಡ್‌ನ ಆಫೀಸಿನಲ್ಲಿ ಕೂತು ಸುಮ್ನೆ ಎಂಟರ್ ಒತ್ತುತ್ತಾ ಹೋದರೆ ಕೊನೆಗೆ ಕೈಗೆ ಬರುವುದು ಆಸ್ಟ್ರೇಲಿಯಾದ, ಎಲ್ಲೂ ಇಲ್ಲದ ಒಂದು ಕಂಪನಿಯ ಹೆಸರಿನ ಸರ್ಟಿಫಿಕೇಟು. ಟೆಸ್ಟ್ ಸರ್ವರ್‌ಗಳಲ್ಲಿ ಈ ವಿಜಿಟ್ಸ್ ಕಂಪನಿಯನ್ನು ಎಷ್ಟು ಸಲ ಕಂಡಿದ್ದೇನೋ, ಲೆಕ್ಕ ಇಟ್ಟಿಲ್ಲ.

ಈಚೆಗೆ ಓಪನ್‌ಎಸ್‌ಎಸ್‌ಎಲ್ ಬಗ್ಗೆ ಕೇಳಿಬರುವ ದೂರು ಬೇರೆ. ಹೋದ ವರ್ಷ ಸರಿಯಾಗಿದ್ದ ಕಮಾಂಡ್ ಈ ವರ್ಷ ಎರರ್ ಕೊಡುತ್ತದೆ. ಲಿನಕ್ಸ್‌ನಲ್ಲಿ ಓಡುವುದು ಮ್ಯಾಕ್‌ನಲ್ಲಿ ಓಡುವುದಿಲ್ಲ. ಇದೊಂದು ಹಾಳು ಟೂಲ್ ಅಂತ ಬೈದು ಮುಂದೆ ಹೋಗುವವರೇ ಜಾಸ್ತಿ. ಆದರೆ ಆ ಎರರ್‌ಗಳಲ್ಲಿ ಹೆಚ್ಚಿನವಕ್ಕೆ ಒಂದೊಂದು ಇಸವಿ ಇದೆ. ಹಿಡಿದು ಹಿಂದಕ್ಕೆ ಹೋದರೆ ಆ 'ಎಯು' ಕೂಡ ಸಿಗುತ್ತದೆ.

1990ರ ದಶಕದಲ್ಲಿ ಅಮೆರಿಕದ ಕಾನೂನಿನ ಕಣ್ಣಿಗೆ ಬಲವಾದ ಗೂಢಲಿಪಿ ಸಾಫ್ಟ್‌ವೇರ್ ಅಂದರೆ ಮದ್ದುಗುಂಡಿನ ಹಾಗೆ. ಲೈಸೆನ್ಸ್ ಇಲ್ಲದೆ ಹೊರದೇಶಕ್ಕೆ ಕಳಿಸುವಂತಿರಲಿಲ್ಲ. ಹಾಗಾಗಿ ನೆಟ್‌ಸ್ಕೇಪ್ ಬ್ರೌಸರ್‌ನಲ್ಲಿ ಎರಡು ಬಗೆ. ಅಮೆರಿಕದವರಿಗೆ 128 ಬಿಟ್ ಕೀ, ನಮ್ಮಂಥ ಉಳಿದವರಿಗೆ 40 ಬಿಟ್ (ಬಿಟ್ ಹೆಚ್ಚಿದಷ್ಟೂ ಒಡೆಯುವುದು ಕಷ್ಟ). ಈ 40 ಅನ್ನುವ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆ ಕಾನೂನು ತಾಗದ ಜಾಗ ಆಸ್ಟ್ರೇಲಿಯಾ. ಅಲ್ಲಿ 1995ರಲ್ಲಿ ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಎಂಬ ಇಬ್ಬರು, ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತು ಗುಟ್ಟಾಗಿಡುವ ಎಸ್‌ಎಸ್‌ಎಲ್ ಅನ್ನು ತಾವೇ ಹೊಸದಾಗಿ ಬರೆದು, ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಹೆಸರು 'ಎಸ್‌ಎಸ್‌ಎಲ್ಈಎವೈ'. ಕೊನೆಯ ಮೂರಕ್ಷರ ಎರಿಕ್ ಎ. ಯಂಗ್ ಅವರ ಇನಿಷಿಯಲ್ಸ್. 'ಎಯು' ಅಲ್ಲಿಂದ ಬಂದದ್ದು. 1998ರಲ್ಲಿ ಇಬ್ಬರೂ ಆರ್‌ಎಸ್‌ಎ ಕಂಪನಿ ಸೇರಿದರು, ಕೋಡ್ ಅನಾಥವಾಯಿತು. ಅದನ್ನು ಎತ್ತಿಕೊಂಡ ಕೆಲವು ಪ್ರೋಗ್ರಾಮರ್‌ಗಳು ಅದೇ ವರ್ಷ ಡಿಸೆಂಬರ್ 23ರಂದು ಓಪನ್‌ಎಸ್‌ಎಸ್‌ಎಲ್ ಅನ್ನುವ ಹೆಸರಿನಲ್ಲಿ ಮೊದಲ ಆವೃತ್ತಿ ಬಿಟ್ಟರು. ಸಂಖ್ಯೆ 0.9.1ಸಿ. ಅಲ್ಲಿಂದ 1.0.0 ಆಗುವಷ್ಟರಲ್ಲಿ 2010 ಬಂದಿತ್ತು, ಅಷ್ಟರೊಳಗೆ ಜಗತ್ತಿನ ಅರ್ಧಕ್ಕಿಂತ ಹೆಚ್ಚು ವೆಬ್ ಸರ್ವರ್‌ಗಳು ಇದನ್ನೇ ನೆಚ್ಚಿಕೊಂಡಿದ್ದವು.

ನಡುವೆ 2008ರ ಒಂದು ಘಟನೆ ಬಿಟ್ಟರೆ ಕಥೆ ಪೂರ್ತಿಯಾಗಲ್ಲ. ಡೆಬಿಯನ್ ಲಿನಕ್ಸ್‌ನಲ್ಲಿ ಮೆಮೊರಿ ಪರೀಕ್ಷಿಸುವ ಟೂಲ್ ಒಂದು ವಾರ್ನಿಂಗ್ ಕೊಡುತ್ತಿತ್ತು. ಅದನ್ನು ನಿಲ್ಲಿಸಲು 2006ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಎರಡು ಸಾಲು ತೆಗೆದರು. ಕೀ ಮಾಡುವಾಗ ಬೇಕಾದ ಯಾದೃಚ್ಛಿಕತೆ ಬರುತ್ತಿದ್ದದ್ದೇ ಆ ದಾರಿಯಿಂದ. ಉಳಿದದ್ದು ಪ್ರೋಸೆಸ್ ನಂಬರ್ (ಓಡುವ ಪ್ರತಿ ಪ್ರೋಗ್ರಾಂಗೆ ಲಿನಕ್ಸ್ ಕೊಡುವ ಸಂಖ್ಯೆ) ಒಂದೇ. ಅಂದರೆ ಒಂದು ಅಳತೆಯ ಕೀಗೆ ಸಾಧ್ಯವಿದ್ದದ್ದು 32,768 ಆಯ್ಕೆ ಮಾತ್ರ. ಒಂದು ಪಟ್ಟಿ ಮಾಡಿಟ್ಟುಕೊಂಡರೆ ಮುಗಿಯಿತು. ಗೊತ್ತಾಗುವ ಹೊತ್ತಿಗೆ ಸುಮಾರು ಎರಡು ವರ್ಷ ಕಳೆದಿತ್ತು.

ಕಮಾಂಡ್‌ಗಳು ಯಾಕೆ ಇಷ್ಟು ವಿಚಿತ್ರ ಅನ್ನುವ ಪ್ರಶ್ನೆಗೂ ಉತ್ತರ ಆ ಕಾಲದಲ್ಲೇ ಇದೆ. ನಿಜವಾದ ಸರಕು ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಸೇರಿಸಿಕೊಂಡು ಬಳಸುವ ಕೋಡ್. ಟರ್ಮಿನಲ್‌ನಲ್ಲಿ ನಾವು ಬಡಿಯುವ ಕಮಾಂಡ್‌ಗಳಲ್ಲಿ ಎಷ್ಟೋ, ಆ ಲೈಬ್ರರಿ ಕೆಲಸ ಮಾಡುತ್ತದಾ ಅಂತ ನೋಡಲು ಬರೆದುಕೊಂಡ ಸಣ್ಣ ಪ್ರೋಗ್ರಾಂಗಳು. ಸರ್ಟಿಫಿಕೇಟ್‌ಗೆ ಸಹಿ ಹಾಕುವ 'ಸಿಎ' ಕಮಾಂಡ್‌ನ ಕೈಪಿಡಿ ಇದನ್ನು ಬಾಯಿಬಿಟ್ಟೇ ಹೇಳುತ್ತದೆ. ಇದನ್ನು ಮಾದರಿಗಾಗಿ ಬರೆದದ್ದು, ಪೂರ್ಣ ಪ್ರಮಾಣದ ಸಿಎ (ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಆಗಿ ಬಳಸಲಿ ಅಂತ ಅಲ್ಲ, ಆದರೂ ಕೆಲವರು ಬಳಸುತ್ತಿದ್ದಾರೆ ಅಂತ. ಆ ಕೆಲವರಲ್ಲಿ ನಾನೂ ಒಬ್ಬ.

ಇನ್ನೊಂದು ಉದಾಹರಣೆ. ಮೇಲ್ ಸರ್ವರ್ ಪರೀಕ್ಷಿಸಲು 'ಎಸ್-ಕ್ಲೈಂಟ್' ಕಮಾಂಡ್‌ನಿಂದ ಕನೆಕ್ಟ್ ಆಗುತ್ತೀರಿ. ಕೈಯಾರೆ ಒಂದೊಂದೇ ಸಾಲು ಟೈಪ್ ಮಾಡುತ್ತೀರಿ. 'ಮೇಲ್ ಫ್ರಂ' (ಯಾರಿಂದ) ಹೋಗುತ್ತದೆ. ಆಮೇಲೆ ದೊಡ್ಡಕ್ಷರದಲ್ಲಿ 'ಆರ್‌ಸಿಪಿಟಿ ಟು' (ಯಾರಿಗೆ) ಅಂತ ಹೊಡೆದರೆ ಮೇಲ್ ಹೋಗುವ ಬದಲು 'ರಿನೆಗೋಷಿಯೇಟಿಂಗ್' ಅಂತ ಬರುತ್ತದೆ. ಯಾಕೆಂದರೆ ಸಾಲಿನ ಮೊದಲಿಗೆ ದೊಡ್ಡ 'ಆರ್' ಬಂದರೆ ಕೀ ಮಾತುಕತೆ ಹೊಸದಾಗಿ ಶುರು ಮಾಡು ಅಂತ ಅದರ ಅರ್ಥ. ಪರೀಕ್ಷೆ ಮಾಡುವವರ ಅನುಕೂಲಕ್ಕೆ ಇಟ್ಟಿದ್ದು. ಚಿಕ್ಕಕ್ಷರದಲ್ಲಿ ಹೊಡೆದರೆ ಸರಿಯಾಗುತ್ತದೆ. ಇದನ್ನು ಕಂಡುಹಿಡಿಯಲು ನನಗೆ ಒಂದು ಮಧ್ಯಾಹ್ನ ಹೋಯಿತು.

ಇನ್ನು 2014. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಆ ವಾರ ನಾನು ಡ್ಯೂಟಿಯಲ್ಲಿದ್ದೆ.

ಏಪ್ರಿಲ್ 7, ಸೋಮವಾರ. ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಹಿರಂಗವಾದದ್ದು ಅಮೆರಿಕದ ಹಗಲಿನಲ್ಲಿ. ನಮಗೆ ಗೊತ್ತಾದದ್ದು ಮಂಗಳವಾರ ಬೆಳಿಗ್ಗೆ. ಅವತ್ತೇ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲುವ ದಿನ. ಆಫೀಸಿನವರ ಗಮನವೆಲ್ಲ ಅದರ ಮೇಲಿತ್ತು. ಗೂಗಲ್‌ನ ನೀಲ್ ಮೆಹ್ತಾ ಮತ್ತು ಫಿನ್‌ಲ್ಯಾಂಡಿನ ಕೋಡೆನಾಮಿಕಾನ್ ಕಂಪನಿಯವರು ಬೇರೆಬೇರೆಯಾಗಿ ಇದನ್ನು ಕಂಡುಹಿಡಿದಿದ್ದರು.

ದೋಷ ಏನು ಅಂದರೆ, ಜೆರಾಕ್ಸ್ ಅಂಗಡಿಗೆ ಹೋಗಿ ಒಂದು ಹಾಳೆ ಕೊಟ್ಟು 'ನೂರು ಹಾಳೆ ಕೊಟ್ಟಿದ್ದೀನಿ, ವಾಪಸ್ ಕೊಡಿ' ಅಂತೀರಿ. ಅಂಗಡಿಯವನು ಎಣಿಸಿ ನೋಡದೆ ನಿಮ್ಮ ಹಾಳೆಯ ಕೆಳಗಿದ್ದ ತೊಂಬತ್ತೊಂಬತ್ತನ್ನೂ ಸೇರಿಸಿ ಕೊಡುತ್ತಾನೆ. ಅದರಲ್ಲಿ ಯಾರದೋ ಆಧಾರ್ ಇರುತ್ತದೆ, ಯಾರದೋ ಮಾರ್ಕ್ಸ್ ಕಾರ್ಡ್ ಇರುತ್ತದೆ. ಹಾರ್ಟ್‌ಬೀಟ್ ಅನ್ನುವ ಸೌಲಭ್ಯದಲ್ಲಿ ಆದದ್ದು ಇದೇ. 'ಇದ್ದೀಯಾ?' ಅಂತ ಸರ್ವರ್‌ಗೆ ಒಂದು ಪುಟ್ಟ ಸಂದೇಶ ಕಳಿಸಿ, ಅದರ ಉದ್ದ ಸುಳ್ಳು ಹೇಳಿದರೆ, ಒಂದು ಸಲಕ್ಕೆ ಸುಮಾರು 64 ಕಿಲೋಬೈಟ್‌ನಷ್ಟು ಸರ್ವರ್ ಮೆಮೊರಿ ವಾಪಸ್ ಬರುತ್ತಿತ್ತು. ಪಾಸ್‌ವರ್ಡ್, ಸೆಷನ್, ಕೆಲವೊಮ್ಮೆ ಸರ್ವರ್‌ನ ಗುಟ್ಟಿನ ಪ್ರೈವೇಟ್ ಕೀ ಕೂಡ. ಲಾಗ್‌ನಲ್ಲಿ ಅದರ ಗುರುತೂ ಉಳಿಯುತ್ತಿರಲಿಲ್ಲ.

ತಮಾಷೆ ಅಂದರೆ ಸೋಮಾರಿಗಳು ಬಚಾವಾದರು. ದೋಷ ಇದ್ದದ್ದು 2012ರ ಮಾರ್ಚ್‌ನಲ್ಲಿ ಬಂದ 1.0.1ರಿಂದ 1.0.1ಎಫ್‌ವರೆಗೆ. ಹಳೇ 0.9.8 ಇಟ್ಟುಕೊಂಡು ಕೂತವರಿಗೆ ಏನೂ ಆಗಲಿಲ್ಲ. ಎಸ್‌ಎಸ್‌ಎಲ್‌ನ ಹೊಸ ರೂಪ ಟಿಎಲ್‌ಎಸ್ 1.2 ಬೇಕು ಅಂತ ಶ್ರದ್ಧೆಯಿಂದ ಅಪ್‌ಗ್ರೇಡ್ ಮಾಡಿದವರು ಸಿಕ್ಕಿಬಿದ್ದರು. ನಮ್ಮಲ್ಲಿ ಸೆಂಟ್‌ಒಎಸ್ 5 (ಲಿನಕ್ಸ್‌ನ ಒಂದು ಬಗೆ) ಇದ್ದ ಸರ್ವರ್‌ಗಳು ಹಾಯಾಗಿದ್ದವು. ಅಪ್‌ಡೇಟ್ ಮಾಡಿಲ್ಲ ಅಂತ ನಾನು ಬೈಸಿಕೊಂಡಿದ್ದೂ ಅವುಗಳಿಗೇ. ಹೊಸ 6.5 ಹಾಕಿದ್ದವೆಲ್ಲ ದೋಷದ ಪಟ್ಟಿಯಲ್ಲಿದ್ದವು.

ಪ್ಯಾಚ್ ಹಾಕಿದ ಮೇಲೆ ಇನ್ನೊಂದು ಫಜೀತಿ. ಓಪನ್‌ಎಸ್‌ಎಸ್‌ಎಲ್‌ನವರು ಸರಿಪಡಿಸಿ ಬಿಟ್ಟದ್ದು 1.0.1ಜಿ. ಆದರೆ ರೆಡ್‌ಹ್ಯಾಟ್ ಮತ್ತು ಸೆಂಟ್‌ಒಎಸ್‌ನವರು ಆವೃತ್ತಿ ಬದಲಿಸುವುದಿಲ್ಲ, ಹಳೆಯದಕ್ಕೇ ತೇಪೆ ಹಾಕುತ್ತಾರೆ. ಹಾಗಾಗಿ ಪ್ಯಾಚ್ ಆದ ಮೇಲೂ 'ವರ್ಷನ್' ಅಂತ ಕೇಳಿದರೆ 1.0.1ಇ ಅಂತಲೇ ಹೇಳುತ್ತಿತ್ತು. 'ಇ ಅಂತ ಇದೆಯಲ್ಲಪ್ಪಾ, ಜಿ ಎಲ್ಲಿ?' ಅಂತ ಕ್ಲೈಂಟ್ ಕಡೆಯಿಂದ ಫೋನು. ಪ್ಯಾಕೇಜಿನ ಬಾಲದಲ್ಲಿರುವ ಇನ್ನೊಂದು ನಂಬರ್ ನೋಡಿ ಅಂತ ಅವತ್ತು ಎಷ್ಟು ಜನಕ್ಕೆ ವಿವರಿಸಿದೆನೋ. ಪ್ಯಾಚ್ ಹಾಕಿ ಸರ್ವಿಸ್ ರೀಸ್ಟಾರ್ಟ್ ಮಾಡದವರದು ಬೇರೆ ಕಥೆ. ಹಳೇ ಲೈಬ್ರರಿ ಮೆಮೊರಿಯಲ್ಲೇ ಕೂತಿರುತ್ತಿತ್ತು. ಕೀ ಸೋರಿರಬಹುದು ಅನ್ನುವ ಕಾರಣಕ್ಕೆ ಹೊಸ ಕೀ, ಹೊಸ ಅರ್ಜಿ, ಹೊಸ ಸರ್ಟಿಫಿಕೇಟ್, ಹಳೆಯದರ ರದ್ದತಿ. ಮತ್ತೆ ಅದೇ 'ರೆಕ್', ಮತ್ತೆ ಅದೇ 'ಎಯು'.

ಆ ಕೋಡ್ ಸೇರಿದ್ದು 2011ರ ಡಿಸೆಂಬರ್ 31ರ ರಾತ್ರಿ. ಬರೆದವರು ಉದ್ದ ಪರೀಕ್ಷಿಸಲು ಮರೆತರು, ಪರಿಶೀಲಿಸಿದವರ ಕಣ್ಣಿಗೂ ಬೀಳಲಿಲ್ಲ. ಬರೆದವರ ಹೆಸರು ದೋಷ ಬಯಲಾದಾಗ ಎಲ್ಲೆಡೆ ಓಡಾಡಿತು. ನನಗೆ ಮುಖ್ಯ ಅನ್ನಿಸಿದ್ದು ಆಮೇಲೆ ಹೊರಬಂದ ಲೆಕ್ಕ. ಬ್ಯಾಂಕು, ಅಂಗಡಿ, ಸರ್ಕಾರ ಎಲ್ಲವೂ ನೆಚ್ಚಿಕೊಂಡಿದ್ದ ಈ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರು. ಉಳಿದ ಖರ್ಚು ಕನ್ಸಲ್ಟಿಂಗ್ ಕೆಲಸದಿಂದ ಹೇಗೋ ನಡೆಯುತ್ತಿತ್ತು. ನಮ್ಮ ಆಫೀಸಿನ ಕಾಫಿ ಮಷಿನ್ನಿಗೂ ವರ್ಷಕ್ಕೆ ಅದಕ್ಕಿಂತ ಹೆಚ್ಚು ಹೋಗುತ್ತಿತ್ತು.

2014ರ ಅದೇ ಏಪ್ರಿಲ್‌ನಲ್ಲಿ ಲಿನಕ್ಸ್ ಫೌಂಡೇಷನ್ ದೊಡ್ಡ ಕಂಪನಿಗಳಿಂದ ಹಣ ಕೂಡಿಸುವ ಯೋಜನೆ ಶುರುಮಾಡಿತು. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನವರು ಕೋಡ್ ಕವಲೊಡೆಸಿ ಲಿಬ್ರೆಎಸ್‌ಎಸ್‌ಎಲ್ ಮಾಡಿದರು. ಗೂಗಲ್ ತನ್ನದೇ ಬೋರಿಂಗ್‌ಎಸ್‌ಎಸ್‌ಎಲ್ ಮಾಡಿಕೊಂಡಿತು. ಮ್ಯಾಕ್‌ನಲ್ಲಿ ಕಮಾಂಡ್ ಬೇರೆ ಥರ ವರ್ತಿಸುವ ಗುಟ್ಟು ಇಲ್ಲಿದೆ. ಅಲ್ಲಿ ಓಪನ್‌ಎಸ್‌ಎಸ್‌ಎಲ್ ಅಂತ ಟೈಪ್ ಮಾಡಿದರೆ ಓಡುವುದು ಲಿಬ್ರೆಎಸ್‌ಎಸ್‌ಎಲ್.

ಹಣ ಬಂದ ಮೇಲೆ ಮನೆ ಗುಡಿಸುವ ಕೆಲಸ ಶುರುವಾಯಿತು. ನಮ್ಮ ಹಳೇ ಕಮಾಂಡ್‌ಗಳು ಮುರಿಯಲು ಶುರುವಾದದ್ದೂ ಆಗಲೇ. 2016ರ 1.1.0ರಲ್ಲಿ, ಪಾಸ್‌ವರ್ಡ್ ಕೊಟ್ಟು ಫೈಲ್ ಮುಚ್ಚುವ 'ಎನ್‌ಕ್' ಕಮಾಂಡ್ ಪಾಸ್‌ವರ್ಡ್‌ನಿಂದ ಕೀ ಮಾಡಲು ಒಳಗೊಳಗೇ ಎಂಡಿ5 ಅನ್ನುವ ಹಳೇ ಸೂತ್ರ ಬಿಟ್ಟು ಎಸ್‌ಎಚ್‌ಎ-256 ಹಿಡಿಯಿತು. ಹಳೇ ಸರ್ವರ್‌ನಲ್ಲಿ ಮುಚ್ಚಿದ ಬ್ಯಾಕಪ್ ಹೊಸದರಲ್ಲಿ 'ಬ್ಯಾಡ್ ಡಿಕ್ರಿಪ್ಟ್' ಅನ್ನುತ್ತಿತ್ತು. ಪಾಸ್‌ವರ್ಡ್ ಮರೆತೆನಾ ಅಂತ ಬೆವರಿದವರು ಎಷ್ಟೋ. ಎಂಡಿ5 ಬಳಸು ಅಂತ ಹೇಳಿದರೆ ತೆರೆದುಕೊಳ್ಳುತ್ತದೆ. 2017ರಲ್ಲಿ ಕ್ರೋಮ್ ಬ್ರೌಸರ್, ಸರ್ಟಿಫಿಕೇಟ್‌ನಲ್ಲಿ ಸೈಟಿನ ಹೆಸರು ಬರೆಯುವ ಹಳೇ ಜಾಗವಾದ 'ಕಾಮನ್ ನೇಮ್' ನೋಡುವುದನ್ನೇ ನಿಲ್ಲಿಸಿತು. ಹಳೇ ಪಾಠಗಳಲ್ಲಿದ್ದ ಕಮಾಂಡ್‌ನಿಂದ ಮಾಡಿದ ಸರ್ಟಿಫಿಕೇಟ್‌ಗಳೆಲ್ಲ ಒಂದೇ ಏಟಿಗೆ ಕೆಂಪಾದವು.

ದೊಡ್ಡ ಪೆಟ್ಟು 2021ರ ಸೆಪ್ಟೆಂಬರ್‌ನಲ್ಲಿ ಬಂದ 3.0. (2.0 ಅನ್ನುವುದೇ ಇಲ್ಲ.) ಹಳೇ ಗೂಢಲಿಪಿಗಳನ್ನೆಲ್ಲ 'ಲೆಗಸಿ' ಅನ್ನುವ ಬೇರೆ ಕೋಣೆಗೆ ಸರಿಸಿ ಬಾಗಿಲು ಹಾಕಿದರು. ಹಿಂದಿನ ವರ್ಷಗಳ ಪಿಎಫ್‌ಎಕ್ಸ್ ಫೈಲ್ (ಕೀ, ಸರ್ಟಿಫಿಕೇಟ್ ಎರಡನ್ನೂ ಪಾಸ್‌ವರ್ಡ್ ಹಾಕಿ ಕಟ್ಟಿಟ್ಟ ಗಂಟು) ಒಂದನ್ನು 3.0ರಲ್ಲಿ ತೆರೆಯಿರಿ. 'ಅನ್‌ಸಪೋರ್ಟೆಡ್' ಅಂತ ಎರರ್ ಬರುತ್ತದೆ, ಅದರ ಕೊನೆಯಲ್ಲಿ 'ಆರ್‌ಸಿ2-40' ಅಂತ ಇರುತ್ತದೆ. ಆ ನಲವತ್ತು ಅದೇ ನಲವತ್ತು. ಅಮೆರಿಕ 2000ದಲ್ಲೇ ಆ ರಫ್ತು ನಿಯಮ ಸಡಿಲಿಸಿತ್ತು, ಆದರೆ ಆ ಕಾಲದ 40 ಬಿಟ್ ಬೀಗ ಪಿಎಫ್‌ಎಕ್ಸ್ ಫೈಲ್‌ಗಳಲ್ಲಿ ಇಪ್ಪತ್ತು ವರ್ಷ ಹಾಗೇ ಉಳಿದಿತ್ತು. ಅದೂ ಎಲ್ಲರಿಗೂ ತೋರಿಸಲೆಂದೇ ಇರುವ ಸರ್ಟಿಫಿಕೇಟ್‌ಗೆ ಹಾಕಿದ ಬೀಗ! ಕಮಾಂಡ್‌ಗೆ 'ಲೆಗಸಿ' ಅಂತ ಒಂದು ಪದ ಸೇರಿಸಿದರೆ ತೆರೆಯುತ್ತದೆ.

ತಿರುಗುಮುರುಗಾದರೆ ಕಷ್ಟ ಜಾಸ್ತಿ. 3.0ರಲ್ಲಿ ಮಾಡಿದ ಪಿಎಫ್‌ಎಕ್ಸ್ ಅನ್ನು ಹಳೇ ವಿಂಡೋಸ್ ಸರ್ವರ್‌ಗೆ ಹಾಕಿದರೆ, ಹೊಸ ಬೀಗ ನನಗೆ ಗೊತ್ತಿಲ್ಲ ಅನ್ನುವ ಬದಲು ಅದು 'ಪಾಸ್‌ವರ್ಡ್ ತಪ್ಪು' ಅನ್ನುತ್ತದೆ. ಒಂದು ಶುಕ್ರವಾರ ಸಂಜೆ ನಾನು ಅದೇ ಪಾಸ್‌ವರ್ಡನ್ನು ಹತ್ತಾರು ಸಲ ಟೈಪ್ ಮಾಡಿದ್ದೇನೆ. ಕೊನೆಗೆ ಜೊತೆಯ ಹುಡುಗಿ ಬಂದು, 'ಸರ್, ಪಾಸ್‌ವರ್ಡ್ ಸರಿಯಾಗೇ ಇದೆ, ಫೈಲ್ ಹಳೇ ಥರ ಮಾಡಿ ಕೊಡ್ತೀನಿ ಇರಿ' ಅಂದಳು.

ಹೆಸರುಗಳನ್ನೂ ಸರಿಮಾಡಿದರು. ಕೀಗೆ ಪಾಸ್‌ವರ್ಡ್ ಬೇಡ ಅನ್ನಲು ನಾವೆಲ್ಲ 'ನೋಡ್ಸ್' ಅಂತ ಹಾಕುತ್ತಿದ್ದೆವು. ಸರ್ವರ್‌ಗಳ ನೋಡ್‌ಗೆ ಏನೋ ಸಂಬಂಧ ಅಂತ ನಾನು ವರ್ಷಗಟ್ಟಲೆ ನಂಬಿದ್ದೆ. ಅದು 'ನೋ ಡೆಸ್'. ಡೆಸ್ ಅನ್ನುವ ಹಳೇ ಗೂಢಲಿಪಿ ಬೇಡ ಅಂತ. 3.0ರಿಂದ ಅದಕ್ಕೆ 'ನೋಎನ್‌ಕ್' ಅನ್ನುವ ಹೆಸರು ಬಂದಿದೆ. ಹಳೆಯದೂ ಓಡುತ್ತದೆ, ತೆಗೆದರೆ ಎಷ್ಟು ಸ್ಕ್ರಿಪ್ಟ್‌ಗಳು ಬೀಳುತ್ತವೋ ಅನ್ನುವ ಭಯ ಇರಬೇಕು. 2025ರ ಏಪ್ರಿಲ್‌ನಲ್ಲಿ ಬಂದ 3.5 ಕ್ವಾಂಟಮ್ ಕಂಪ್ಯೂಟರ್‌ಗೂ ಬಗ್ಗದ ಹೊಸ ಬಗೆಯ ಕೀಗಳನ್ನು ತಂದಿದೆ. ಅದರಲ್ಲೂ 'ನೋಡ್ಸ್' ಇದೆ, 'ಎಯು' ಇದೆ.

ಇಷ್ಟರಲ್ಲಿ ಸರ್ಟಿಫಿಕೇಟ್‌ನ ಆಯುಷ್ಯ ಕುಗ್ಗುತ್ತಾ ಬಂದಿದೆ. 2015ರಲ್ಲಿ ಗರಿಷ್ಠ 39 ತಿಂಗಳು. 2018ರಲ್ಲಿ 825 ದಿನ. 2020ರಲ್ಲಿ 398. ಸರ್ಟಿಫಿಕೇಟ್ ಕೊಡುವವರೂ ಬ್ರೌಸರ್ ಮಾಡುವವರೂ ಸೇರಿ 2025ರಲ್ಲಿ ಒಪ್ಪಿದ ಪ್ರಕಾರ 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100, 2029ರ ಮಾರ್ಚ್ 15ರಿಂದ 47. ಕೈಯಲ್ಲಿ 'ರೆಕ್' ಓಡಿಸಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಮೇಲ್ ಮಾಡಿ, ಸರ್ಟಿಫಿಕೇಟ್ ತರಿಸಿಕೊಳ್ಳುವ ಪದ್ಧತಿ ಆ ವೇಗಕ್ಕೆ ನಿಲ್ಲುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನಂಥವರು 2015ರಿಂದಲೇ ಇದನ್ನೆಲ್ಲ ತಾನಾಗಿ ನಡೆಯುವ ಹಾಗೆ ಮಾಡಿಟ್ಟಿದ್ದಾರೆ. ಆದರೆ ಇಂಟರ್ನೆಟ್‌ಗೆ ತೆರೆದುಕೊಳ್ಳದ ಹಳೇ ಸರ್ವರ್‌ಗಳು ಎಲ್ಲ ಆಫೀಸಿನಲ್ಲೂ ಒಂದಷ್ಟು ಇರುತ್ತವೆ ಅಲ್ವಾ, ಅಲ್ಲಿ ಇನ್ನೂ ಟರ್ಮಿನಲ್ಲೇ ಗತಿ.

ನಮ್ಮ ತಂಡದಲ್ಲಿ ಸರ್ಟಿಫಿಕೇಟ್‌ಗಳ ಲೆಕ್ಕ ಇಡುವ ಒಂದು ಎಕ್ಸೆಲ್ ಶೀಟ್ ಇದೆ. ವರ್ಷಕ್ಕೆ 'ರಿನ್ಯೂವಲ್' ಅಂತ ಒಂದೇ ಕಾಲಂ. 2029ಕ್ಕೆ ಎಂಟು ಬೇಕು.